ಎರಡು ಬಿಲ್ಲೆಯ ಲೆಕ್ಕ

ಹೆಂಗಸರು ಒಂದಕ್ಕೆ ಹೋಗಬೇಕಾದರೆ ಕೊರಳಿಗೆ ಬಿಲ್ಲೆ ಹಾಕಿಕೊಳ್ಳಬೇಕು. ಅಂಗೈ ಅಗಲದ ಕೆಂಪು ಪ್ಲಾಸ್ಟಿಕ್ ಬಿಲ್ಲೆ, ಅದಕ್ಕೊಂದು ಹಗ್ಗ. ಇಡೀ ಹೊಲಿಗೆ ಹಾಲಿಗೆ ಎರಡೇ. ಸೂಪರ್‌ವೈಸರನ ಮೇಜಿನ ಪಕ್ಕದ ಮೊಳೆಗೆ ನೇತು ಹಾಕಿರುತ್ತಾರೆ. ಮಿಷನ್ನಿನಿಂದ ಎದ್ದು, ಸಾಲು ದಾಟಿ, ಅವನ ಮುಂದೆ ನಿಂತು ಕೇಳಿ, ಬಿಲ್ಲೆ ಹಾಕಿಕೊಂಡು, ಇಸ್ತ್ರಿ ಮೇಜಿನ ಗಂಡಸರ ಮುಂದೆ ಹಾದು ಹೋಗಬೇಕು. ಎದ್ದವಳು ಎಲ್ಲಿಗೆ ಹೊರಟಳು ಎಂದು ಹಾಲಿಗೆಲ್ಲ ಗೊತ್ತಾಗುತ್ತದೆ. ನಾಲ್ಕು ನಿಮಿಷ ದಾಟಿದರೆ ಸೂಪರ್‌ವೈಸರ್ ಸೀಟಿ ಊದುತ್ತಾನೆ. ಅದಕ್ಕೇ ಅವನನ್ನು ಎಲ್ಲರೂ ಸೀಟಿ ಅನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು, ಯಾರಿಗೂ ನೆನಪಿರಲಿಲ್ಲ.

ಅಂಗಿ ಹೊಲಿಯುವ ಫ್ಯಾಕ್ಟರಿ ಅದು. ಟೀಚರಕ್ಕ ಅಲ್ಲಿ ಟೀಚರಲ್ಲ, ಚೆಕ್ಕರ್. ಹೊಲಿದು ಬಂದ ಅಂಗಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ ಕಾಲರ್, ತೋಳು, ಗುಂಡಿ ನೋಡಬೇಕು. ನಿಂತೇ ನೋಡಬೇಕು. ಹನ್ನೊಂದು ವರ್ಷ ನಿಂತಿದ್ದಾಳೆ. ಸಂಜೆಯಾಗುವಷ್ಟರಲ್ಲಿ ಕಾಲು ಊದಿ ಚಪ್ಪಲಿಯ ಪಟ್ಟಿ ಮಾಂಸದೊಳಗೆ ಕೂತಿರುತ್ತದೆ. ಮದುವೆಯಾದ ಮೇಲೆ ಸಂಜೆ ಶಾಲೆಗೆ ಹೋಗಿ, ಲೆಕ್ಕದಲ್ಲಿ ಒಂದು ಸಲ ಡುಮ್ಕಿ ಹೊಡೆದು, ಎರಡನೇ ಸಲಕ್ಕೆ ಹತ್ತನೇ ಕ್ಲಾಸು ಪಾಸಾದವಳು. ಶಿಫ್ಟ್ ಮುಗಿದ ಮೇಲೆ ಮಹಡಿಯ ಕ್ಯಾಂಟೀನಿನಲ್ಲಿ ಹೆಂಗಸರಿಗೆ ಒಂದು ಗಂಟೆ ಲೆಕ್ಕದ ಕ್ಲಾಸು ಅಂತ ಕಂಪನಿ ಶುರು ಮಾಡಿದಾಗ, ಇವಳನ್ನೇ ಹಿಡಿದು ನಿಲ್ಲಿಸಿದರು.

ಅವಳಿಗೆ ಭಯ. ನಾಳೆ ಹೇಳಿಕೊಡಬೇಕಾದ ಲೆಕ್ಕವನ್ನು ಮನೆಯಲ್ಲಿ ನಾಲ್ಕು ಸಲ ಮಾಡುತ್ತಿದ್ದಳು. ಮೂರು ಸಲ ಒಂದೇ ಉತ್ತರ ಬಂದು ನಾಲ್ಕನೇ ಸಲ ಬೇರೆ ಬಂದರೆ ಊಟ ಸೇರುತ್ತಿರಲಿಲ್ಲ. ಕ್ಲಾಸಿನಲ್ಲಿ ಯಾರಾದರೂ ಕೈ ಎತ್ತಿದರೆ ಕಾಣದವಳ ಹಾಗೆ ಬೋರ್ಡಿನ ಕಡೆ ತಿರುಗುತ್ತಿದ್ದಳು. ಹದಿನಾಲ್ಕು ಜನ ಹೆಂಗಸರು ತನ್ನ ಬಾಯಿಯನ್ನೇ ನೋಡುತ್ತಿದ್ದಾರೆ, ಬಾಯಿಯಿಂದ ತಪ್ಪು ಬೀಳುತ್ತದೆ ಎಂದು ಅವಳಿಗೆ ಸದಾ ಅನಿಸುತ್ತಿತ್ತು.

ಹಾಗಿರುವಾಗ ತರಬೇತಿ ಮೇಡಂ ಕಡೆಯಿಂದ ಒಂದು ಸುತ್ತೋಲೆ ಬಂತು. ಇನ್ನು ಮೇಲೆ ಕಲಿಯುವವರೇ ಸಮಸ್ಯೆ ಹುಡುಕಬೇಕು, ಅವರೇ ಅಳೆಯಬೇಕು, ಅವರೇ ಬಿಡಿಸಬೇಕು. ಸಮಸ್ಯೆ ಅವರ ದಿನನಿತ್ಯದ ಬದುಕಿನದಾಗಿರಬೇಕು. ಕಲಿಸುವವರು ಯಾವ ಕಾರಣಕ್ಕೂ ಉತ್ತರ ಹೇಳಕೂಡದು.

ಟೀಚರಕ್ಕ ಅದನ್ನು ಎರಡು ಸಲ ಓದಿದಳು. ಉತ್ತರ ಹೇಳಕೂಡದು. ತನಗೆಂದೇ ಬರೆಸಿದ ಹಾಗಿದೆ. ತಲೆ ಮೇಲಿನ ಮೂಟೆ ಇಳಿಸಿದ ಹಾಗಾಗಿ ಒಬ್ಬಳೇ ನಕ್ಕಳು.

ಸುತ್ತೋಲೆಯ ಜೊತೆ ಮೇಡಂ ಬಾಯಿಮಾತಿನಲ್ಲಿ ಇನ್ನೊಂದು ವಿಷಯ ಹೇಳಿದ್ದರು. ಅಂಗಿ ಕೊಳ್ಳುವ ಕಂಪನಿಯವರು ಶನಿವಾರ ಕ್ಲಾಸು ನೋಡಲು ಬರುತ್ತಾರೆ. ಚೆನ್ನಾಗಿ ನಡೆದರೆ ಸೋಮವಾರದಿಂದ ಟೀಚರಕ್ಕ ಚೆಕ್ಕರ್ ಅಲ್ಲ, ತರಬೇತಿ ಕೋಣೆಯವಳು. ಅಲ್ಲಿ ಮೇಜಿದೆ, ಕುರ್ಚಿಯಿದೆ. ಆ ಕುರ್ಚಿಯನ್ನು ಅವಳು ನೋಡಿದ್ದಳು. ಕಂದು ಬಣ್ಣ, ಮೆತ್ತೆ ಒಂದು ಮೂಲೆಯಲ್ಲಿ ಹರಿದಿತ್ತು. ಒಮ್ಮೆ ಯಾರೂ ಇಲ್ಲದಾಗ ಒಂದು ನಿಮಿಷ ಕೂತು, ಎದ್ದು, ತೋಳಿನಿಂದ ಒರೆಸಿ ಬಂದಿದ್ದಳು.

ಆ ಶನಿವಾರಕ್ಕೆ ಮುಂಚಿನ ಸೋಮವಾರ ಕ್ಲಾಸಿನಲ್ಲಿ ಕೇಳಿದಳು, ನಿಮ್ಮ ಸಮಸ್ಯೆ ಏನು ಹೇಳಿ ಅಂತ. ಹೆಂಗಸರು ಗೊಳ್ಳೆಂದು ನಕ್ಕರು. ಒಬ್ಬಳು ಗಂಡ ಅಂದಳು. ಇನ್ನೊಬ್ಬಳು ಮೊಣಕಾಲು ಅಂದಳು. ಮತ್ತೊಬ್ಬಳು, ಅವಳ ಗಂಡನೂ ನನ್ನ ಮೊಣಕಾಲೂ ಅದಲುಬದಲು ಮಾಡಿಕೊಳ್ತೀವಿ, ಲೆಕ್ಕ ಹಾಕಿ ಕೊಡು ಅಂದಳು. ಅಂಗಿಗೆ ಗುಂಡಿ ತೂರುವ ಕಾಜಾ ಹೊಲಿಯುವವಳೊಬ್ಬಳಿದ್ದಳು, ಎಲ್ಲರಿಗೂ ಕಾಜಕ್ಕ. ಬಾಯಿಗೆ ಬೀಗವಿಲ್ಲದವಳು. ಅವಳು ಕೈ ಎತ್ತದೆಯೇ ಶುರು ಮಾಡಿದಳು.

"ನನ್ನದು ಬರ್ಕೋ. ಬೆಳಿಗ್ಗೆ ಎಂಟಕ್ಕೆ ಬಂದೆ. ಈಗ ಕ್ಲಾಸಿಗೆ ಬರೋಕೆ ಮುಂಚೆ ಹೋಗಿ ಬಂದೆ. ಇವತ್ತಿಗೆ ಅದೇ ಮೊದಲು. ಎರಡು ಬಿಲ್ಲೆಯಲ್ಲಿ ಇಷ್ಟು ಜನ ಹೋಗೋಕಾಗುತ್ತಾ ಇಲ್ವಾ? ಅದನ್ನ ಬಿಡಿಸೋಣ."

ನಗು ಇನ್ನೂ ಜೋರಾಯಿತು. ಆದರೆ ಟೀಚರಕ್ಕ ಸುತ್ತೋಲೆಯನ್ನು ನಂಬಿದವಳು. ಬೋರ್ಡಿನ ಮೇಲೆ ಬರೆದಳು. ಬಿಲ್ಲೆ ಎರಡು. ಜನ ಎಂಬತ್ನಾಲ್ಕು. ಹಾಲಿನ ಬಾಗಿಲ ಮೇಲೆ ಬಣ್ಣದಲ್ಲಿ ಬರೆದಿದ್ದೂ ಅದೇ, ಒಟ್ಟು ಬಲ 84. ಎಂಟು ಗಂಟೆ ಕೆಲಸ, ಅದರಲ್ಲಿ ಅರ್ಧ ಗಂಟೆ ಊಟ ಕಳೆದರೆ ನಾನೂರ ಐವತ್ತು ನಿಮಿಷ. ಒಬ್ಬಳು ಹೋಗಿ ಬರಲು ಎಷ್ಟು ಹೊತ್ತು? ಅಲ್ಲಿ ಜಗಳ ಬಿತ್ತು. ಸೀಟಿ ಹೇಳುವುದು ನಾಲ್ಕು ನಿಮಿಷ. ನಾಲ್ಕರಲ್ಲಿ ಯಾರೂ ಬಂದವರಿಲ್ಲ. ಐದು ಅಂದರು, ಹತ್ತು ಅಂದರು.

ಅಳೆದೇ ನೋಡೋಣ ಎಂದಾಯಿತು. ಕ್ಯಾಂಟೀನಿನ ಮೇಜುಗಳನ್ನು ಎಳೆದು ಮಿಷನ್ ಸಾಲು ಮಾಡಿದರು. ಮೆಟ್ಟಿಲ ಬಾಗಿಲು ಪಾಯಿಖಾನೆಯಾಯಿತು. ಹಾಲಿನ ಉದ್ದ ನೂರ ಹತ್ತು ಹೆಜ್ಜೆ ಎಂದು ಕಾಜಕ್ಕನ ಕಾಲಿಗೇ ಗೊತ್ತಿತ್ತು. ಡಬ್ಬಿಯ ಮುಚ್ಚಳಕ್ಕೆ ದಾರ ಕಟ್ಟಿ ಅವಳ ಕೊರಳಿಗೆ ಹಾಕಿದರು. ಕಾಲರ್ ಹೊಲಿಯುವವಳು ಚಮಚ ಬಾಯಿಗಿಟ್ಟುಕೊಂಡು ಸೀಟಿಯಾದಳು, ಹೊಟ್ಟೆಯನ್ನೂ ಮುಂದೆ ತಂದುಕೊಂಡಳು. ಉಳಿದವರು ಗೋಡೆ ಗಡಿಯಾರದ ಮುಳ್ಳು ನೋಡುತ್ತ ಸೆಕೆಂಡು ಕೂಗಿದರು. ಕಾಜಕ್ಕ ಬೇಡಿ, ಬಿಲ್ಲೆ ಪಡೆದು, ಇಲ್ಲದ ಇಸ್ತ್ರಿ ಗಂಡಸರ ಮುಂದೆ ತಲೆ ತಗ್ಗಿಸಿ ಹೋಗಿ, ಬಾಗಿಲ ಬಳಿ ಕೂತು, ಒಂದು ಕಾಲನ್ನು ಮುಂದಕ್ಕೆ ಚಾಚಿದಳು.

ಕಾಲು ಯಾಕೆ ಅಂತ ಟೀಚರಕ್ಕ ಕೇಳಿದಳು. ಚಿಲಕ ಕೂರಲ್ವಲ್ಲ, ಕಾಲಲ್ಲೇ ಒತ್ತಿ ಹಿಡೀಬೇಕು ಅಂದಳು ಕಾಜಕ್ಕ. ಒಬ್ಬಳು, ಅಯ್ಯೋ ನೀನೂನಾ ಅಂದಳು. ಇನ್ನೊಬ್ಬಳು, ನಾನು ಎಡಗಾಲು ಅಂದಳು. ಪ್ರತಿಯೊಬ್ಬಳೂ ತಾನೊಬ್ಬಳೇ ಹಾಗೆ ಕೂರುವವಳು ಎಂದುಕೊಂಡಿದ್ದಳು. ಒಬ್ಬೊಬ್ಬಳಾಗಿ ಕೂತು ತೋರಿಸಿದರು. ಕ್ಯಾಂಟೀನಿನ ನೆಲದ ಮೇಲೆ ಹದಿನಾಲ್ಕು ಹೆಂಗಸರು ಕುಕ್ಕರಗಾಲಲ್ಲಿ ಕೂತು, ಹದಿನಾಲ್ಕು ಕಾಲು ಗಾಳಿಗೆ ಚಾಚಿ, ಬ್ಯಾಲೆನ್ಸ್ ತಪ್ಪಿ ಒಬ್ಬರ ಮೇಲೊಬ್ಬರು ಉರುಳಿದರು. ಟೀಚರಕ್ಕನೂ ಉರುಳಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹನ್ನೊಂದು ವರ್ಷದಲ್ಲಿ ಆ ಕಟ್ಟಡದೊಳಗೆ ಅಷ್ಟು ನಕ್ಕಿದ್ದು ಅವಳಿಗೆ ನೆನಪಿರಲಿಲ್ಲ.

ಏಳು ನಿಮಿಷ ಎಂದು ತೀರ್ಮಾನವಾಯಿತು.

ಭಾಗಾಕಾರ ಶುರುವಾದಾಗ ಟೀಚರಕ್ಕ ಸೀಮೆಸುಣ್ಣ ಹಿಡಿದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಹೇಳಬಾರದು, ಹೇಳಬಾರದು. ಕಾಲರ್‌ನವಳು ಗೆರೆ ಎಳೆದು ಭಾಗಿಸಲಿಲ್ಲ. ಬಂಡಲ್ ಕಟ್ಟುವ ಹಾಗೆ ಏಳೇಳು ನಿಮಿಷದ ಕಟ್ಟು ಕಟ್ಟುತ್ತ ಹೋದಳು, ಹತ್ತು ಕಟ್ಟಿಗೊಂದು ಗಂಟು. ಒಂದು ಬಿಲ್ಲೆಗೆ ಅರವತ್ನಾಲ್ಕು ಸರದಿ. ಎರಡಕ್ಕೆ ನೂರ ಇಪ್ಪತ್ತೆಂಟು. ಎಂಬತ್ನಾಲ್ಕು ಜನಕ್ಕೆ ಒಂದೊಂದು ಕೊಟ್ಟರೂ ನಲವತ್ನಾಲ್ಕು ಮಿಕ್ಕುತ್ತದೆ. ಹೆಂಗಸರು ಚಪ್ಪಾಳೆ ತಟ್ಟಿದರು. ಮಿಕ್ಕಿದ್ದರಲ್ಲಿ ನನಗೆರಡು ಎಂದು ಕಾಜಕ್ಕ ಕಾದಿರಿಸಿಕೊಂಡಳು.

ಹಿಂದಿನ ಬೆಂಚಿನಲ್ಲಿ ದಾರದಮ್ಮ ಕೂತಿದ್ದಳು. ಐವತ್ತು ದಾಟಿದವಳು. ಹಾಲಿನ ಕೊನೆಯ ಮೇಜಿನಲ್ಲಿ ನಿಂತು, ಅಂಗಿಯಲ್ಲಿ ಉಳಿದ ದಾರದ ತುದಿಗಳನ್ನು ಕತ್ತರಿಯಿಂದ ಕತ್ತರಿಸುವುದು ಅವಳ ಕೆಲಸ. ನಾಲ್ಕು ತಿಂಗಳಿಂದ ಕ್ಲಾಸಿಗೆ ಬರುತ್ತಿದ್ದಳು, ಬಾಯಿ ಬಿಟ್ಟಿರಲಿಲ್ಲ.

"ಹಾಗಾದ್ರೆ ನನ್ನ ಪಾಲಿಂದು ಯಾರು ಹೋಗ್ತಿದ್ದಾರೆ?" ಅಂದಳು.

ಯಾರೋ ನಕ್ಕರು. ದಾರದಮ್ಮ ನಗಲಿಲ್ಲ.

"ತಮಾಷೆ ಅಲ್ಲ ಕಣ್ರೇ. ಶಿಫ್ಟಲ್ಲಿ ನಾನು ಹೋಗಿ ಎರಡು ವರ್ಷ ಆಯ್ತು. ನನ್ನ ಸರದಿ ಬರೋ ಹೊತ್ತಿಗೆ ಬಿಲ್ಲೆ ಕೊಡಲ್ಲ ಅಂತಾನೆ."

ಬೆಳಿಗ್ಗೆ ಮನೆ ಬಿಟ್ಟ ಮೇಲೆ ಅವಳು ನಾಲಗೆಗೆ ನೀರು ಸೋಕಿಸುವುದಿಲ್ಲವಂತೆ. ಉರಿ ಬರುತ್ತದಂತೆ. ಎರಡು ಸಲ ಜ್ವರವೂ ಬಂದು, ಡಾಕ್ಟರು ನೀರು ಕುಡಿ, ತಡೆದುಕೊಳ್ಳಬೇಡ ಅಂದರಂತೆ. ಅದನ್ನು ಸೀಟಿಗೆ ಹೇಳಿದ್ದಕ್ಕೆ, ಡಾಕ್ಟರು ಬಂದು ದಾರ ಕತ್ತರಿಸ್ತಾನಾ ಎಂದು ಇಡೀ ಸಾಲಿಗೆ ಕೇಳುವಂತೆ ಅಂದನಂತೆ. ಇದನ್ನೆಲ್ಲ ಅವಳು ಬೋರ್ಡನ್ನು ನೋಡುತ್ತ ಹೇಳಿದಳು.

ಟೀಚರಕ್ಕ ಮನೆಗೆ ಹೋಗಿ ಲೆಕ್ಕವನ್ನು ನಾಲ್ಕು ಸಲ ಮಾಡಿದಳು. ನಾಲ್ಕು ಸಲವೂ ನೂರ ಇಪ್ಪತ್ತೆಂಟೇ ಬಂತು. ಉತ್ತರ ಸರಿಯಾಗಿ ಬಂದಿದ್ದಕ್ಕೆ ಅವಳಿಗೆ ಅಷ್ಟು ಹೆದರಿಕೆಯಾದದ್ದು ಅದೇ ಮೊದಲು.

ಮಂಗಳವಾರ ಹೆಂಗಸರೇ ತಪ್ಪು ಹಿಡಿದು ತಂದರು. ಬಿಲ್ಲೆ ದಿನವೆಲ್ಲ ಮೊಳೆಯ ಮೇಲೆ ಇರುತ್ತದೆ, ದಿನವೆಲ್ಲ ಕೊಡುವುದಿಲ್ಲ. ಮೊದಲ ಗಂಟೆ ಇಲ್ಲ. ಊಟಕ್ಕೆ ಮುಂಚಿನ ಗಂಟೆ ಇಲ್ಲ. ಕೊನೆಯ ಗಂಟೆ ಇಲ್ಲ. ಮೂರೂ ಟಾರ್ಗೆಟ್ ಗಂಟೆ, ಇಷ್ಟು ಅಂಗಿ ಅಂತ ಮುಗಿಸಲೇಬೇಕಾದ ಹೊತ್ತು. ನೂರ ಎಂಬತ್ತು ನಿಮಿಷ ಕಳೆದರು. ಇನ್ನೂರ ಎಪ್ಪತ್ತು ಉಳಿಯಿತು. ಬಿಲ್ಲೆಗೆ ಮೂವತ್ತೆಂಟು ಸರದಿ, ಮೇಲೆ ನಾಲ್ಕು ನಿಮಿಷ. ಆ ನಾಲ್ಕು ನಿಮಿಷದಲ್ಲಿ ಏನು ಮಾಡುವುದು ಎಂದಾಗ, ಬಾಗಿಲವರೆಗೆ ಹೋಗಿ ನೋಡಿಕೊಂಡು ಬರೋದು ಅಂದಳು ಕಾಜಕ್ಕ. ಎರಡು ಬಿಲ್ಲೆಗೆ ಎಪ್ಪತ್ತಾರು. ಎಂಬತ್ನಾಲ್ಕರಲ್ಲಿ ಎಪ್ಪತ್ತಾರು ಹೋದರೆ ಎಂಟು.

ಎಂಟು ಜನಕ್ಕೆ ದಿನವೂ ಇಲ್ಲ. ಅಲ್ಲಿಯವರೆಗೆ ಅಂಕೆಯಾಗಿದ್ದದ್ದು ಮನುಷ್ಯರಾಯಿತು. ಎಲ್ಲರೂ ದಾರದಮ್ಮನ ಕಡೆ ತಿರುಗಿದರು. ಅವಳು ಎದ್ದು ನಿಂತಳು.

"ಆ ಎಂಟರಲ್ಲಿ ನಾನಿದ್ದೀನಾ? ಎಣಿಸಿ ಹೇಳಿ."

ಎಣಿಸಿದರು. ಆರು ಸಾಲು, ಸಾಲಿಗೆ ಹದಿನಾಲ್ಕು ಮಿಷನ್. ಆರು ಹದಿನಾಲ್ಕಲಿ ಎಂಬತ್ನಾಲ್ಕು. ಕೊನೆಯ ಸಾಲಿನ ಕೊನೆಯ ಮಿಷನ್ನಿಗೆ ಲೆಕ್ಕ ಮುಗಿದುಹೋಯಿತು. ದಾರ ಕತ್ತರಿಸುವ ಮೇಜು ಅದರಾಚೆ ಇತ್ತು.

"ನನಗೆ ಮಿಷನ್ ಇಲ್ವಲ್ಲ," ಅಂದಳು ದಾರದಮ್ಮ.

ಟೀಚರಕ್ಕ ಬೋರ್ಡಿನ ಕಡೆ ತಿರುಗಿದಳು. ಬಾಗಿಲ ಮೇಲಿನ ಎಂಬತ್ನಾಲ್ಕು ಮಿಷನ್ನಿನ ಲೆಕ್ಕ, ಮನುಷ್ಯರದ್ದಲ್ಲ. ಆ ಹಾಲಿನಲ್ಲಿ ಎಷ್ಟು ಜನ ಇದ್ದೀರಿ ಎಂದು ಯಾರು ಕೇಳಿದರೂ ಎಲ್ಲರೂ ಎಂಬತ್ನಾಲ್ಕು ಅನ್ನುತ್ತಿದ್ದರು. ಕತ್ತರಿ ಹಿಡಿದ ಒಂಬತ್ತು ಜನರೂ ಹಾಗೇ ಅನ್ನುತ್ತಿದ್ದರು. ತನ್ನ ಕೈಯಾರೆ ಆ ಅಂಕೆಯನ್ನು ಬೋರ್ಡಿಗೆ ಬರೆದವಳು ತಾನು. ನಿಜವಾದ ತಪ್ಪು ಇದು, ನಾಲ್ಕಲ್ಲ, ನಲವತ್ತು ಸಲ ಮಾಡಿದ್ದರೂ ಸಿಕ್ಕುತ್ತಿರಲಿಲ್ಲ. ನಾಚಿಕೆಯಿಂದ ಅವಳಿಗೆ ತಲೆ ಎತ್ತಲಾಗಲಿಲ್ಲ.

"ಟೀಚರಕ್ಕ, ಚೆಕ್ಕರ್‌ಗೂ ಮಿಷನ್ ಇಲ್ಲ," ಅಂದಳು ಕಾಜಕ್ಕ. "ನೀನೂ ಇಲ್ಲ ಕಣೇ."

ಎಲ್ಲಿಂದಲೋ ಕಿಸಕ್ಕನೆ ನಗು ಬಂತು. ಇಲ್ಲದವರಿಗೆ ಯಾಕಮ್ಮ ಬರುತ್ತೆ, ಸುಮ್ಮನೆ ಬಿಲ್ಲೆ ಕೇಳಿ ಸೀಟಿಗೆ ತೊಂದರೆ ಕೊಡ್ತೀಯಲ್ಲ ಅಂತ ಒಬ್ಬಳು ದಾರದಮ್ಮನನ್ನು ಗದರಿದಳು. ಎರಡು ವರ್ಷದಿಂದ ಇಲ್ಲ ಅಂತ ಗೊತ್ತಿದ್ದಿದ್ರೆ ಕೆಲಸಕ್ಕೇ ಬರ್ತಿರಲಿಲ್ಲ ಅಂದಳು ದಾರದಮ್ಮ. ಈ ಸಲ ಅವಳೂ ನಕ್ಕಳು. ಹಲ್ಲು ಎರಡು ಇರಲಿಲ್ಲ. ಕತ್ತರಿಯವರು ಒಂಬತ್ತು, ಚೆಕ್ಕರ್ ನಾಲ್ಕು. ಎಂಬತ್ನಾಲ್ಕಕ್ಕೆ ಹದಿಮೂರು ಸೇರಿಸಿ ತೊಂಬತ್ತೇಳು. ಅದರಲ್ಲಿ ಎಪ್ಪತ್ತಾರು ಕಳೆದರೆ ಇಪ್ಪತ್ತೊಂದು. ಬುಧವಾರ, ಗುರುವಾರ ಮತ್ತೆ ಮತ್ತೆ ಮಾಡಿದರು. ಇಪ್ಪತ್ತೊಂದು ಅಲ್ಲಾಡಲಿಲ್ಲ. ಹಾಲಿನಲ್ಲಿ ಮಿಷನ್ನಿನ ಸದ್ದಿನ ನಡುವೆ ಒಬ್ಬಳು ಇನ್ನೊಬ್ಬಳನ್ನು ನೋಡಿ ತುಟಿಯಲ್ಲೇ ಇಪ್ಪತ್ತೊಂದು ಅನ್ನುತ್ತಿದ್ದಳು, ಇಬ್ಬರೂ ಬಟ್ಟೆಗೆ ಮುಖ ಮುಚ್ಚಿ ನಗುತ್ತಿದ್ದರು.

ಶುಕ್ರವಾರ ತರಬೇತಿ ಮೇಡಂ ಕ್ಯಾಂಟೀನಿಗೆ ಬಂದು ಬೋರ್ಡು ನೋಡಿದರು. ಏನಿದು ಅಂತ ಕೇಳಿದರು. ಟೀಚರಕ್ಕ ಹೇಳಿದಳು, ತೊದಲುತ್ತ ಹೇಳಿದಳು. ಸುತ್ತೋಲೆಯಲ್ಲಿದ್ದ ಹಾಗೇ ಮಾಡಿದ್ದೇನೆ ಅಂದಳು. ಮೇಡಂ ಮೂಗಿಗೆ ಕರವಸ್ತ್ರ ಹಿಡಿಯಲಿಲ್ಲ, ಆದರೆ ಹಿಡಿದ ಹಾಗೆ ಇತ್ತು ಮುಖ.

"ಅತಿಥಿಗಳ ಮುಂದೆ ಉಚ್ಚೆ ಲೆಕ್ಕ ಹಾಕಿಸ್ತೀರಾ? ಒರೆಸಿ ಮೊದಲು. ತೊಟ್ಟಿ ಲೆಕ್ಕ ತಗೊಳ್ಳಿ, ನೀಟಾಗಿದೆ. ಉತ್ತರ ಇವತ್ತೇ ಹೇಳಿಕೊಟ್ಟುಬಿಡಿ. ನಾಳೆ ಅವರೇ ಹುಡುಕಿದ ಹಾಗೆ ಹೇಳಲಿ."

ಹೋಗುವಾಗ ಮೆತ್ತಗಿನ ದನಿಯಲ್ಲಿ ಕುರ್ಚಿಯ ಮಾತನ್ನೂ ಆಡಿದರು. ಮೆತ್ತೆ ಹೊಲಿಸಿದ್ದೇನೆ ಅಂದರು, ಮುಂದಿನ ಬೆಂಚಿನ ಕಾಜಕ್ಕನಿಗೂ ಕೇಳಿಸಿತು.

ಟೀಚರಕ್ಕ ಸರಿ ಮೇಡಂ ಅಂದಳು. ಬೋರ್ಡು ಒರೆಸಿದಳು. ಒಂದು ನಲ್ಲಿ ತೊಟ್ಟಿಯನ್ನು ಮೂರು ಗಂಟೆಯಲ್ಲಿ ತುಂಬುತ್ತದೆ, ಇನ್ನೊಂದು ಆರು ಗಂಟೆಯಲ್ಲಿ. ಎರಡನ್ನೂ ತೆರೆದರೆ ಎಷ್ಟು ಹೊತ್ತು? ಎರಡು ಗಂಟೆ. ಹದಿನಾಲ್ಕು ಜನರಿಂದಲೂ ಎರಡು ಗಂಟೆ ಅಂತ ಹೇಳಿಸಿದಳು. ಅವರು ಹೇಳಿದರು. ಯಾರೂ ನಗಲಿಲ್ಲ. ಮೆಟ್ಟಿಲಿಳಿಯುವಾಗ ಕಾಜಕ್ಕ, ಕುರ್ಚಿ ಚೆನ್ನಾಗಿದೆಯಾ ಅಂತ ಕೇಳಿದಳು. ಕೊಂಕು ಇರಲಿಲ್ಲ ಮಾತಲ್ಲಿ.

ಶನಿವಾರ ಅತಿಥಿಗಳು ಸಂಜೆಯವರೆಗೆ ಕಾಯುವವರಲ್ಲ. ಊಟಕ್ಕೆ ಮುಂಚಿನ ಗಂಟೆಗೇ ಬಂದರು. ಹದಿನಾಲ್ಕು ಜನರನ್ನು ಕೆಲಸದ ಮಧ್ಯದಿಂದ ಎಬ್ಬಿಸಿ ಮೇಲೆ ಕಳಿಸಿದರು. ಅತಿಥಿಗಳಿಬ್ಬರು ಮುಂದಿನ ಬೆಂಚಿನಲ್ಲಿ ಪುಸ್ತಕ ಬಿಚ್ಚಿಕೊಂಡು ಕೂತರು, ಪಕ್ಕದಲ್ಲಿ ಮೇಡಂ. ಸೀಟಿ ಬಾಗಿಲಿಗೆ ಒರಗಿ ನಿಂತ.

ಟೀಚರಕ್ಕ ತೊಟ್ಟಿಯ ಲೆಕ್ಕವನ್ನು ಓದಿದಳು. ಕಾಜಕ್ಕ ಎಂದೂ ಇಲ್ಲದ ಹಾಗೆ ಕೈ ಎತ್ತಿದಳು.

"ಒಂದು ಅನುಮಾನ ಟೀಚರಕ್ಕ. ಆ ತೊಟ್ಟಿಗೆ ನೀರು ಬರ್ತಾನೇ ಇರುತ್ತಲ್ಲ. ಹೊರಗೆ ಹೋಗೋಕೆ ದಾರಿ ಇದೆಯಾ?"

ಲೆಕ್ಕದಲ್ಲಿ ಅದು ಕೊಟ್ಟಿಲ್ಲ ಅಂದಳು ಟೀಚರಕ್ಕ.

"ಪಾಪ ತೊಟ್ಟಿ," ಅಂದಳು ಕಾಜಕ್ಕ.

ಹಿಂದಿನ ಸಾಲಿನಲ್ಲಿ ಒಬ್ಬಳಿಗೆ ತಡೆಯಲಾಗಲಿಲ್ಲ. ಮೂಗಿನಿಂದ ಹೊರಟ ನಗು ಬೆಂಚಿನಿಂದ ಬೆಂಚಿಗೆ ಹಾರಿತು. ಅತಿಥಿಗಳೂ ಏನೂ ಅರ್ಥವಾಗದೆ ನಕ್ಕರು. ಮೇಡಂ ತುಟಿಯಲ್ಲಿ ನಗುತ್ತ, ಕಣ್ಣಲ್ಲಿ ಮುಂದಕ್ಕೆ ನಡೆಸಿ ಎಂದರು. ಈಗ ಟೀಚರಕ್ಕ ಉತ್ತರ ಏನು ಅಂತ ಕೇಳಬೇಕು. ಅವರು ಎರಡು ಗಂಟೆ ಅನ್ನಬೇಕು. ಅಷ್ಟೇ ಉಳಿದದ್ದು. ಅವಳು ಬಾಯಿ ತೆರೆದಳು. ಹೆದರಿಕೆ ಇತ್ತು, ಆದರೆ ಅದರ ಅಡಿಯಿಂದ ಸೋಮವಾರ ನೆಲದ ಮೇಲೆ ಉರುಳಿದಾಗಿನ ನಗುವೇ ಗುಳುಗುಳು ಮೇಲೇಳುತ್ತಿತ್ತು. ಯಾವುದು ಯಾವುದು ಅಂತ ಅವಳಿಗೇ ತಿಳಿಯಲಿಲ್ಲ.

"ಈ ಲೆಕ್ಕಕ್ಕೆ ಉತ್ತರ ಎರಡು ಗಂಟೆ," ಅಂದಳು. "ನಿನ್ನೆ ನಾನೇ ಇವರಿಗೆ ಬಾಯಿಪಾಠ ಮಾಡಿಸಿದ್ದೀನಿ. ಇವರು ಬಿಡಿಸಿದ ಲೆಕ್ಕ ಬೇರೆ ಇದೆ. ಅದನ್ನ ನಾನು ಒರೆಸಿಬಿಟ್ಟೆ. ತಪ್ಪು ಮಾಡಿದೆ."

ಸೀಮೆಸುಣ್ಣವನ್ನು ದಾರದಮ್ಮನ ಕಡೆ ಚಾಚಿದಳು. ಮೇಡಂ ಅರ್ಧ ಎದ್ದರು. ಅಷ್ಟರಲ್ಲಿ ದಾರದಮ್ಮ ಬೋರ್ಡಿನ ಮುಂದಿದ್ದಳು.

ಕತ್ತರಿ ಹಿಡಿದೂ ಹಿಡಿದೂ ಅವಳ ಹೆಬ್ಬೆರಳಿನ ಬುಡ ಕಾಯಿಗಟ್ಟಿತ್ತು. ಅಂಕೆಗಳು ದೊಡ್ಡದಾಗಿ, ಸೊಟ್ಟಗೆ ಬಂದವು. 97. ಅದರ ಕೆಳಗೆ 76. ಅದರ ಕೆಳಗೆ 21. ಬಿಲ್ಲೆ ಎಂದರೇನು ಎಂದು ಹೇಳಿದಳು. ಎಷ್ಟು ಹೆಜ್ಜೆ, ಎಷ್ಟು ನಿಮಿಷ ಹೇಳಿದಳು. ಚಿಲಕದ ವಿಷಯ ಬಂದಾಗ ಕಾಲು ಎತ್ತಿ ತೋರಿಸಿದಳು. ಬಿಲ್ಲೆ ಕೊಡದ ಮೂರು ಗಂಟೆಗಳನ್ನು ಹೇಳಿದಳು. ಅತಿಥಿಗಳಲ್ಲೊಬ್ಬಾಕೆ ಬರೆದುಕೊಳ್ಳುತ್ತಿದ್ದವಳು ತಲೆ ಎತ್ತಿ, ಅವು ಯಾವ ಯಾವ ಗಂಟೆ ಎಂದು ಇನ್ನೊಮ್ಮೆ ಕೇಳಿದಳು.

"ಒಂದು ಇದೇ," ಅಂದಳು ದಾರದಮ್ಮ. "ಈಗ ನಡೀತಾ ಇರೋದು."

ಹಾಗಾದರೆ ಇದಕ್ಕೆ ಪರಿಹಾರವೇನು ಎಂದು ಆಕೆ ಕೇಳಿದಳು. ದಾರದಮ್ಮ ಯೋಚಿಸಿದಳು. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡಳು.

"ನನಗೀಗ ಹೋಗಬೇಕು," ಅಂದು ನಡೆದಳು.

ಸೀಟಿ ಅಭ್ಯಾಸಬಲದಿಂದ ಬಾಗಿಲಿಗೆ ಕೈ ಅಡ್ಡ ಹಿಡಿದು ಬಿಲ್ಲೆ ಎಲ್ಲಿ ಅಂದ. ಅತಿಥಿಗಳ ಮುಂದೆಯೇ ಅಂದ. ದಾರದಮ್ಮ ಬಗ್ಗಿ ಅವನ ಕೈಯಡಿಯಿಂದ ನುಸುಳಿ ಹೋದಳು. ಕಾಜಕ್ಕ ಬಗ್ಗಲಿಲ್ಲ. ಅವಳು ಹತ್ತಿರ ಬಂದ ಮೇಲೆ ಅವನೇ ಕೈ ಇಳಿಸಿದ. ಬೆಂಚುಗಳು ಕಿರ್ರೆಂದವು. ಒಬ್ಬಳ ಹಿಂದೆ ಒಬ್ಬಳು ಎದ್ದರು.

ವಾಪಸ್ ಕರೆಯಿರಿ ಅವರನ್ನ, ಕ್ಲಾಸು ನಡೀತಾ ಇದೆ ಎಂದು ಮೇಡಂ ಟೀಚರಕ್ಕನ ಕಿವಿಯ ಹತ್ತಿರ ಹಲ್ಲು ಕಚ್ಚಿ ಹೇಳಿದರು.

"ಕ್ಲಾಸೇ ಮೇಡಂ ಇದು," ಅಂದಳು ಟೀಚರಕ್ಕ. "ಲೆಕ್ಕ ಬಿಡಿಸಿದ ಮೇಲೆ ತಾಳೆ ನೋಡಬೇಕಲ್ಲ. ತಾಳೆ ನೋಡೋಕೆ ಹೋಗ್ತಿದ್ದಾರೆ."

ಹೇಳಿ ಅವಳೂ ಹೋದಳು. ಮುಂದಿನ ಸೋಮವಾರ ಕ್ಯಾಂಟೀನಿಗೆ ಬಣ್ಣ ಬಳಿಯುವ ನೆಪದಲ್ಲಿ ಕ್ಲಾಸು ನಿಂತಿತು, ಕುರ್ಚಿಗೆ ಬೇರೆ ಯಾರೋ ಬಂದರು. ಮೆಟ್ಟಿಲಿಳಿಯುವಾಗಲೇ ಅದು ಅವಳಿಗೆ ಗೊತ್ತಿತ್ತು. ಊದಿದ ಕಾಲಲ್ಲಿ ಎರಡೆರಡು ಮೆಟ್ಟಿಲು ಹಾರಿ ಇಳಿಯುತ್ತಿದ್ದಳು.

ಹದಿನೈದು ಹೆಂಗಸರು ಹಾಲಿನ ನಡುವೆ ನಡೆದರು. ಯಾರ ಕೊರಳಲ್ಲೂ ಏನೂ ಇರಲಿಲ್ಲ. ಇಸ್ತ್ರಿ ಗಂಡಸರು ತಲೆ ಎತ್ತಿದರು. ಏನ್ರಣ್ಣಾ, ಬಟ್ಟೆ ಸುಟ್ಟೀತು ನೋಡ್ಕೊಳ್ಳಿ ಅಂದಳು ಕಾಜಕ್ಕ. ಅವರು ತಲೆ ತಗ್ಗಿಸಿದರು. ಮೂರನೇ ಸಾಲಿನಲ್ಲಿ ಒಂದು ಮಿಷನ್ ನಿಂತಿತು. ಐದನೆಯದರಲ್ಲಿ ಎರಡು. ಕತ್ತರಿ ಮೇಜಿನಿಂದ ಒಬ್ಬಳು ಕತ್ತರಿ ಹಿಡಿದುಕೊಂಡೇ ಬಂದಳು. ಪಾಯಿಖಾನೆ ಮೂರಿದ್ದವು. ಮೂರನೆಯದಕ್ಕೆ ಬೀಗ, ಅದು ಆಫೀಸಿನವರಿಗೆ. ಆ ಕತ್ತರಿಯ ತುದಿಯಿಂದ ಕಾಜಕ್ಕ ಕೊಂಡಿಯ ಸ್ಕ್ರೂ ಬಿಚ್ಚಿದಳು. ಬೀಗ ಹಾಕಿದ ಹಾಗೇ ಇದ್ದು ಬಾಗಿಲು ತೆರೆದುಕೊಂಡಿತು. ಅದರ ಚಿಲಕ ಸಲೀಸಾಗಿ ಕೂರುತ್ತಿತ್ತು. ಅದನ್ನು ನೋಡಿ ನಗು ತಡೆಯಲಾರದೆ ಹೆಂಗಸರು ಗೋಡೆ ಹಿಡಿದು ಬಗ್ಗಿದರು. ನಗಿಸಬೇಡ್ರೇ, ಇಲ್ಲೇ ಆಗೋಗುತ್ತೆ ಎಂದು ಸಾಲಿನಲ್ಲಿದ್ದವಳೊಬ್ಬಳು ಬೇಡಿಕೊಂಡಳು. ಅದಕ್ಕೆ ಇನ್ನಷ್ಟು ನಕ್ಕರು. ಟೀಚರಕ್ಕ ಮುಂದಿನವಳ ಹೆಗಲಿಗೆ ಹಣೆಯಿಟ್ಟು, ತೊಡೆ ಬಿಗಿಹಿಡಿದು, ಕಣ್ಣೊರೆಸಿಕೊಳ್ಳುತ್ತಿದ್ದಳು.

ಆಫೀಸಿನವರ ಬಾಗಿಲೊಳಗೆ ದಾರದಮ್ಮನನ್ನೇ ಮೊದಲು ಕಳಿಸಿದರು. ಅವಳು ಚಿಲಕ ಹಾಕಿಕೊಂಡಳು.

ಸೀಟಿ ಓಡಿ ಬಂದ. ಹೆಂಗಸರ ಕಡೆಯ ಹೊಸ್ತಿಲು ದಾಟುವಂತಿರಲಿಲ್ಲ. ಹೊರಗೇ ನಿಂತು ಊದಿದ. ಇನ್ನೊಮ್ಮೆ ಊದಿದ. ನಾಲ್ಕು ನಿಮಿಷವಾಯಿತು, ಏಳಾಯಿತು. ಮೂರನೇ ಸಲ ಕೆನ್ನೆ ಉಬ್ಬಿಸಿ, ಮುಖ ಕೆಂಪಾಗುವಂತೆ ಊದಿದ.

ಒಳಗಿನಿಂದ ದಾರದಮ್ಮನ ದನಿ ಬಂತು.

"ಊದ್ತಾ ಇರಿ ಸಾರ್. ನನಗೇನೂ ಅವಸರ ಇಲ್ಲ."